ಫೈರ್‌ವಾಲ್ ನಿಯಮಗಳ ಅಭಾವ ಪ್ರಕರಣ

ಶಾಸ್ತ್ರ ಬರೆಯಲು ಕೂತವನು ಮೊದಲಿಗೆ ನಾಲ್ಕು ಮಾತು ಹೇಳಿಬಿಡಬೇಕು: ವಿಷಯ ಯಾವುದು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಇಲ್ಲಿ ವಿಷಯ, ಕಮಾಂಡ್ ಲೈನಿನಲ್ಲಿ ಹಾಕಿದ ಫೈರ್‌ವಾಲ್ ರೂಲು ಯಂತ್ರ ಮತ್ತೆ ಎದ್ದಾಗ ಎಲ್ಲಿಗೆ ಹೋಗಿರುತ್ತದೆ ಎಂಬುದು. ಪ್ರಯೋಜನ, ರಾತ್ರಿಯ ನಿದ್ದೆ. ಸಂಬಂಧ, ರೀಬೂಟ್. ಅಧಿಕಾರಿ ಎಂದರೆ ರೂಟ್ ಪಾಸ್‌ವರ್ಡ್ ಉಳ್ಳವನು, ಸರ್ವರ್ ಇರುವ ಊರಿನಲ್ಲಿ ತಾನು ಇಲ್ಲದವನು, ಆ ಊರಿನಲ್ಲಿ ಹೊತ್ತಲ್ಲದ ಹೊತ್ತಿಗೆ ಎಬ್ಬಿಸಬಲ್ಲ ಗೆಳೆಯನೂ ಇಲ್ಲದವನು. ಈ ಮೂರು ಲಕ್ಷಣ ಇಲ್ಲದವರು ಓದಿದರೆ ದೋಷವೇನಿಲ್ಲ; ಫಲವೂ ಇಲ್ಲ.

ಈ ವಿಷಯದಲ್ಲಿ ಕೈಪಿಡಿ ಬರೆದವರೆಲ್ಲ ಸೇವ್ ಮಾಡುವ ವಿಧಾನಗಳನ್ನು ವಿಂಗಡಿಸುತ್ತ ಬಂದಿದ್ದಾರೆ. ಡೆಬಿಯನ್ನಿಗೆ ಹೀಗೆ, ರೆಡ್ ಹ್ಯಾಟಿಗೆ ಹಾಗೆ ಎಂದು. ಅದು ಪಟ್ಟಿ, ಶಾಸ್ತ್ರವಲ್ಲ. ರೂಲು ಇರುವಾಗ ಅದನ್ನು ಯಾರೂ ನೆನೆಯುವುದಿಲ್ಲ. ಇಲ್ಲವಾದಾಗ ಮಾತ್ರ ಪ್ರಶ್ನೆ ಏಳುತ್ತದೆ. ಆದ್ದರಿಂದ ವಿಂಗಡಿಸಬೇಕಾದದ್ದು ಅದರ ಇಲ್ಲದಿರುವಿಕೆಯನ್ನು. ಈ ಕೆಲಸಕ್ಕೆ ಬೇಕಾದ ಸಲಕರಣೆ ನಮ್ಮ ತಾರ್ಕಿಕರ ಬಳಿ ಮೊದಲಿನಿಂದಲೂ ಇದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ಯಾವ ಪಾಠಶಾಲೆಯ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ಪದಾರ್ಥಗಳು ಏಳು, ಏಳನೆಯದು ಅಭಾವ, ಅದು ನಾಲ್ಕು ಬಗೆ. ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ. ಮಡಕೆಯೊಂದನ್ನು ಮುಂದಿಟ್ಟುಕೊಂಡು ಅವರು ಇದನ್ನೆಲ್ಲ ಸಾಧಿಸಿದರು. ನಮ್ಮ ಮುಂದಿರುವುದು ಸರ್ವರು.

ಮೊದಲು ವಸ್ತುವಿನ ಸ್ವರೂಪ. ಲಿನಕ್ಸ್ ಕರ್ನಲ್ಲಿನೊಳಗೆ ಪ್ಯಾಕೆಟ್ಟುಗಳನ್ನು ತಡೆದು ನೋಡುವ ವ್ಯವಸ್ಥೆ ಹಲವು ಜನ್ಮ ಎತ್ತಿದೆ. 2.0 ಕರ್ನಲ್ಲಿನ ಕಾಲಕ್ಕೆ ಐಪಿಎಫ್‌ಡಬ್ಲ್ಯುಅಡ್ಮ್, 2.2ಕ್ಕೆ ಐಪಿಚೈನ್ಸ್, 2001ರ ಜನವರಿಯಲ್ಲಿ ಬಂದ 2.4ಕ್ಕೆ ರಸ್ಟಿ ರಸೆಲ್ ಮತ್ತು ಸಂಗಡಿಗರ ನೆಟ್‌ಫಿಲ್ಟರ್, ಅದರ ಕೈಯಾಗಿ ಐಪಿಟೇಬಲ್ಸ್. 2014ರ 3.13ರಲ್ಲಿ ಎನ್‌ಎಫ್‌ಟೇಬಲ್ಸ್ ಸೇರಿತು. ಜನ್ಮ ಬದಲಾದರೂ ಒಂದು ಗುಣ ಬದಲಾಗಲಿಲ್ಲ. ಕಮಾಂಡ್ ಕೊಟ್ಟರೆ ರೂಲು ನೇರ ಕರ್ನಲ್ಲಿನ ಮೆಮರಿಗೆ ಹೋಗಿ ಕೂರುತ್ತದೆ, ಆ ಕ್ಷಣವೇ ಕೆಲಸ ಶುರು ಮಾಡುತ್ತದೆ, ಡಿಸ್ಕಿನ ಗೊಡವೆಗೇ ಹೋಗುವುದಿಲ್ಲ. ಐಪಿಟೇಬಲ್ಸ್-ಸೇವ್ ಎಂಬ ಕಮಾಂಡ್ ಇದೆಯಲ್ಲ ಎಂದರೆ, ಇದೆ. ಹೆಸರಿನಲ್ಲಿ ಸೇವ್ ಇದೆ, ಕೆಲಸದಲ್ಲಿ ಇಲ್ಲ. ಮೆಮರಿಯಲ್ಲಿರುವುದನ್ನು ಸ್ಕ್ರೀನಿನ ಮೇಲೆ ಓದಿ ಹೇಳುವುದಷ್ಟೇ ಅದರ ಕಸುಬು. ಎಲ್ಲಿಡಬೇಕು, ಯಾರು ಓದಬೇಕು, ಯಾವಾಗ ಓದಬೇಕು ಎಂಬುದನ್ನು ಅದು ಡಿಸ್ಟ್ರಿಬ್ಯೂಷನ್ನಿನವರಿಗೆ ಬಿಟ್ಟಿದೆ; ಅವರು ಒಬ್ಬೊಬ್ಬರು ಒಂದೊಂದು ಕಡೆ ಇಟ್ಟರು. ಈ ಪ್ರಕರಣ ಹುಟ್ಟಲು ಕಾರಣವೇ ಅದು.

ಇನ್ನು ಲಕ್ಷಣ. ಸೇವ್ ಆಯಿತು ಎಂದರೇನು? ಎರರ್ ಬಾರದೆ ಪ್ರಾಂಪ್ಟ್ ಮರಳಿದರೆ ಸೇವ್ ಆದಂತೆ ಎಂಬುದು ಪೂರ್ವಪಕ್ಷ. ಹಾಗಲ್ಲ; ಇದು ಅತಿವ್ಯಾಪ್ತಿ, ಬರೀ ಮೆಮರಿಯಲ್ಲಿರುವ ರೂಲಿಗೂ ಅನ್ವಯಿಸಿಬಿಡುತ್ತದೆ. ಫೈಲಿನಲ್ಲಿ ಬರೆದಿದ್ದರೆ ಸೇವ್ ಎಂದರೆ? ಆಗಲೂ ಅತಿವ್ಯಾಪ್ತಿ, ಯಾರೂ ಓದದ ಫೈಲಿಗೂ ಅನ್ವಯಿಸುತ್ತದೆ. ಸಿದ್ಧಾಂತ ಹೀಗೆ: ಯಂತ್ರ ರೀಬೂಟ್ ಆದ ಮೇಲೆ, ಯಾರ ಕೈಯೂ ಸೋಕದೆ, ನೆಟ್‌ವರ್ಕ್ ಏಳುವುದಕ್ಕೆ ಮುಂಚೆ, ಅದೇ ಕ್ರಮದಲ್ಲಿ ಮತ್ತೆ ಮೆಮರಿಯಲ್ಲಿರುವ ರೂಲೇ ಸೇವ್ ಆದ ರೂಲು.

ಪದಕೃತ್ಯ ಹೇಳದೆ ಲಕ್ಷಣವನ್ನು ಬಿಡುವಂತಿಲ್ಲ. ‘ಯಾರ ಕೈಯೂ ಸೋಕದೆ’ ಎಂದದ್ದು ಹೋಂ ಫೋಲ್ಡರಿನಲ್ಲಿ ಫೈರ್‌ವಾಲ್.ಎಸ್‌ಎಚ್ ಎಂಬ ಸ್ಕ್ರಿಪ್ಟ್ ಇಟ್ಟುಕೊಂಡು, ‘ಎದ್ದ ಮೇಲೆ ಒಂದ್ಸಲ ರನ್ ಮಾಡಿಬಿಡು’ ಎಂದು ಮುಂದಿನವನಿಗೆ ಹೇಳಿ ಕೆಲಸ ಬಿಟ್ಟುಹೋಗುವವರನ್ನು ಹೊರಗಿಡಲು. ‘ನೆಟ್‌ವರ್ಕ್ ಏಳುವುದಕ್ಕೆ ಮುಂಚೆ’ ಎಂದದ್ದು ಆರ್‌ಸಿ.ಲೋಕಲ್ ಪಂಥದವರನ್ನು ತಡೆಯಲು. ಆ ಫೈಲು ಎಲ್ಲ ಮುಗಿದ ಮೇಲೆ ಓಡುವಂಥದ್ದು, ಅಷ್ಟರಲ್ಲಿ ಸರ್ವರ್ ಒಂದಿಷ್ಟು ಹೊತ್ತು ಬಾಗಿಲಿಲ್ಲದೆ ಲೋಕಕ್ಕೆ ತೆರೆದುಕೊಂಡಿರುತ್ತದೆ. ‘ಅದೇ ಕ್ರಮದಲ್ಲಿ’ ಎಂಬುದು ಎಲ್ಲಕ್ಕಿಂತ ಮುಖ್ಯ. ಐಪಿಟೇಬಲ್ಸಿನಲ್ಲಿ ಮೊದಲು ಹೊಂದಿದ ಸಾಲೇ ತೀರ್ಪು. ಎಲ್ಲವನ್ನೂ ಡ್ರಾಪ್ ಮಾಡು ಎಂಬ ಸಾಲಿನ ಕೆಳಗೆ, 443 ಬಿಡು ಎಂಬ ಸಾಲು ಎಷ್ಟು ಶ್ರದ್ಧೆಯಿಂದ ಸೇವ್ ಆಗಿದ್ದರೂ ಅದು ಇದ್ದೂ ಇಲ್ಲದ್ದು.

ಈಗ ಪ್ರಾಗಭಾವ. ಹುಟ್ಟುವುದಕ್ಕೆ ಮೊದಲಿನ ಇಲ್ಲದಿರುವಿಕೆ; ಆದಿಯಿಲ್ಲ, ಅಂತ್ಯವಿದೆ. ಅಂತ್ಯವಿದೆ ಎಂಬುದು ಶಾಸ್ತ್ರದ ಮಾತು, ಆಫೀಸಿನಲ್ಲಿ ಖಾತ್ರಿಯಿಲ್ಲ. ಗಿರಾಕಿ ಫೋನ್ ಮಾಡಿ ‘ಪೋರ್ಟ್ ಓಪನ್ ಮಾಡಿ ಸರ್’ ಎನ್ನುತ್ತಾನೆ, ನಮ್ಮವನು ಒಂದು ಸಾಲು ಟೈಪ್ ಮಾಡುತ್ತಾನೆ, ಅತ್ತಲಿಂದ ‘ಬಂತು ಬಂತು, ಥ್ಯಾಂಕ್ಸ್’ ಎಂದು ಕೇಳಿಸುತ್ತದೆ. ಆ ಥ್ಯಾಂಕ್ಸ್ ಬಂದ ಕೂಡಲೇ ಕೆಲಸ ಮುಗಿಯಿತೆಂದು ಮನಸ್ಸು ನಂಬುತ್ತದೆ. ಸೇವ್ ಆಗದ ರೂಲಿನ ಅಪಾಯ ಇರುವುದು ಇಲ್ಲೇ: ಅದರಲ್ಲಿ ಕುಂದೇ ಕಾಣುವುದಿಲ್ಲ. ಸೇವ್ ಆದದ್ದಕ್ಕೂ ಆಗದ್ದಕ್ಕೂ ನಡೆಯುವ ಹೊತ್ತಿನಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲ. ಭೇದ ಕಾಣುವುದು ಆರು ತಿಂಗಳ ಮೇಲೆ, ಕರ್ನಲ್ ಅಪ್‌ಡೇಟಿಗೆಂದು ರೀಬೂಟ್ ಹೊಡೆದ ದಿನ, ಅಷ್ಟರಲ್ಲಿ ಆ ಸಾಲು ಬರೆದವನು ಬೇರೆ ಕಂಪನಿ ಸೇರಿರುತ್ತಾನೆ.

ಸಿಸ್ಕೊ ರೌಟರಿನ ಮುಂದೆ ಬೆಳೆದವರು ಈ ಅಭಾವವನ್ನು ಬಹುಮಟ್ಟಿಗೆ ಗೆದ್ದಿದ್ದಾರೆ. ಅಲ್ಲಿ ನಡೆಯುತ್ತಿರುವ ಕಾನ್ಫಿಗ್ ಬೇರೆ, ಏಳುವಾಗ ಓದುವ ಕಾನ್ಫಿಗ್ ಬೇರೆ ಎಂಬ ದ್ವೈತವನ್ನು ಮೊದಲ ದಿನವೇ ಬೋಧಿಸುತ್ತಾರೆ. ರನ್ನಿಂಗ್ ಕಾನ್ಫಿಗನ್ನು ಸ್ಟಾರ್ಟಪ್ ಕಾನ್ಫಿಗಿಗೆ ಕಾಪಿ ಮಾಡು ಎಂಬ ಉದ್ದದ ಕಮಾಂಡು ಇದ್ದರೂ ಹಳಬರ ಬೆರಳಿಗೆ ಬರುವುದು ‘ಡಬ್ಲ್ಯು ಆರ್’ ಎಂಬ ಎರಡೇ ಅಕ್ಷರ. ಅವರು ಅದನ್ನು ಏನೂ ಬದಲಿಸದಿದ್ದಾಗಲೂ ಹೊಡೆಯುತ್ತಾರೆ, ಮಾತಿನ ಮಧ್ಯೆ ಹೊಡೆಯುತ್ತಾರೆ, ಲಾಗೌಟ್ ಆಗುವ ಮುನ್ನ ಮತ್ತೊಮ್ಮೆ ಹೊಡೆಯುತ್ತಾರೆ. ಆಚಮನದಂತೆ. ನಗಬಾರದು, ಅವರ ರೂಲುಗಳು ಉಳಿಯುತ್ತವೆ.

ಹಳೆಯ ರೆಡ್ ಹ್ಯಾಟ್ ಮನೆತನದಲ್ಲೂ ಇಂಥದೊಂದು ಸುಲಭ ಮಾರ್ಗವಿತ್ತು. ‘ಸರ್ವಿಸ್ ಐಪಿಟೇಬಲ್ಸ್ ಸೇವ್’ ಎಂದರೆ ಸಾಕು, ಇಟಿಸಿಯೊಳಗಿನ ಸಿಸ್‌ಕಾನ್ಫಿಗ್ ಫೋಲ್ಡರಿನಲ್ಲಿ ಬರೆದಿಡುತ್ತಿತ್ತು. 2014ರಲ್ಲಿ 7ನೆಯ ಆವೃತ್ತಿ ಬಂದಾಗ ಮನೆಯ ಯಜಮಾನಿಕೆ ಫೈರ್‌ವಾಲ್‌ಡಿಗೆ ಹೋಯಿತು. ಹಳೆಯ ಕೈ ಹಳೆಯ ಸಾಲನ್ನೇ ಹೊಡೆದರೆ, ಸರ್ವಿಸ್ ಕಮಾಂಡು ಮೂಲ ಕ್ರಿಯೆಗಳನ್ನು ಮಾತ್ರ ಬಲ್ಲದು, ಉಳಿದದ್ದಕ್ಕೆ ಸಿಸ್ಟಮ್‌ಸಿಟಿಎಲ್ ನೋಡಿಕೊಳ್ಳಿ ಎಂಬ ಸಭ್ಯ ಉತ್ತರ. ನೋಡಿಕೊಂಡರೆ ಅಲ್ಲಿ ಸೇವ್ ಎಂಬ ಕ್ರಿಯೆಯೇ ಇಲ್ಲ.

ಫೈರ್‌ವಾಲ್‌ಡಿಯ ವಿಶೇಷವೇನೆಂದರೆ ಅದು ಒಂದು ಪ್ರಾಗಭಾವ ಇದ್ದ ಕಡೆ ಎರಡು ತಂದಿಟ್ಟಿತು. ಪೋರ್ಟ್ ಸೇರಿಸು ಎಂದಷ್ಟೇ ಹೇಳಿದರೆ ರೂಲು ಈಗ ಉಂಟು, ನಾಳೆ ಇಲ್ಲ. ಪರ್ಮನೆಂಟ್ ಎಂಬ ಪದ ಸೇರಿಸಿದರೆ ನಾಳೆ ಉಂಟು, ಈಗ ಇಲ್ಲ. ರೀಲೋಡ್ ಮಾಡಿದರೆ ಮಾತ್ರ ಇವತ್ತಿಗೂ ಬರುತ್ತದೆ. ಎರಡು ಸಂದರ್ಭದಲ್ಲೂ ಅದು ಕೊಡುವ ಉತ್ತರ ಒಂದೇ, ‘ಸಕ್ಸೆಸ್’. ಪರ್ಮನೆಂಟ್ ಎಂದು ಹಾಕಿ, ಪೋರ್ಟ್ ತೆರೆಯಲಿಲ್ಲವೆಂದು ಗೊಂದಲಗೊಂಡು, ಅದಿಲ್ಲದೆ ಇನ್ನೊಮ್ಮೆ ಹಾಕಿ, ತೆರೆದ ಖುಷಿಯಲ್ಲಿ ಎದ್ದುಹೋಗುವ ಜಾತಿಯವರು ಗೊತ್ತಿಲ್ಲದೆಯೇ ಎರಡೂ ಕಡೆ ಸರಿಯಾಗಿರುತ್ತಾರೆ. ಇವರನ್ನು ಯಾದೃಚ್ಛಿಕ ಸಿದ್ಧರು ಎನ್ನಬಹುದು. ವಿವೇಕಿಗಳು ಮೊದಲು ಮೆಮರಿಯಲ್ಲಿ ಹಾಕಿ ನೋಡಿ, ಸರಿಯೆನಿಸಿದ ಮೇಲೆ ರನ್‌ಟೈಮ್-ಟು-ಪರ್ಮನೆಂಟ್ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಇಳಿಸುತ್ತಾರೆ.

ಪ್ರಧ್ವಂಸಾಭಾವ ಎಂದರೆ ಇದ್ದು ನಾಶವಾದದ್ದರ ಇಲ್ಲದಿರುವಿಕೆ, ಆದಿಯಿದೆ, ಅಂತ್ಯವಿಲ್ಲ. ಇದರ ಸ್ಥೂಲ ರೂಪ ಎಲ್ಲರಿಗೂ ಗೊತ್ತು. ಪಾಲಿಸಿ ಡ್ರಾಪ್ ಇರುವ ಯಂತ್ರದಲ್ಲಿ ‘ಎಲ್ಲ ತೆಗೆದು ಹೊಸದಾಗಿ ಹಾಕೋಣ’ ಎಂದು ಫ್ಲಶ್ ಹೊಡೆದರೆ ರೂಲುಗಳು ಹೋಗುತ್ತವೆ, ಪಾಲಿಸಿ ಉಳಿಯುತ್ತದೆ, ಹೊಡೆದವನ ಎಸ್‌ಎಸ್‌ಎಚ್ ಕಿಟಕಿ ಅಲ್ಲೇ ಕಲ್ಲಾಗುತ್ತದೆ. ಇದರ ಬಗ್ಗೆ ಹೆಚ್ಚು ಬರೆಯುವುದು ಬೇಡ, ಅನುಭವವೇ ಪ್ರಮಾಣ. ಸೂಕ್ಷ್ಮ ರೂಪ ಇನ್ನೊಂದಿದೆ, ಅದನ್ನು ಹತ್ತಿರದಿಂದ ನೋಡಬೇಕು.

ಐಪಿಟೇಬಲ್ಸ್-ಸೇವ್ ಎಂದು ಬರೆದು, ಮುಂದೆ > ಗುರುತು ಹಾಕಿ, ಆಮೇಲೆ ಇಟಿಸಿಯ ಐಪಿಟೇಬಲ್ಸ್ ಫೋಲ್ಡರಿನ ರೂಲ್ಸ್.ವಿ4 ಎಂಬ ಫೈಲಿನ ಹೆಸರು ಕೊಡುತ್ತೇವೆ. ಎಂಟರ್ ಒತ್ತಿದಾಗ ಮೊದಲು ನಡೆಯುವುದೇನು? ಎಡಗಡೆಯ ಕಮಾಂಡ್ ಓಡುವುದು ಎಂದು ಕಣ್ಣು ಹೇಳುತ್ತದೆ. ಅಲ್ಲ. ಶೆಲ್ ಮೊದಲು ಬಲಗಡೆಯ ಫೈಲನ್ನು ತೆರೆದು ಖಾಲಿ ಮಾಡುತ್ತದೆ, ಆಮೇಲೆ ಎಡಗಡೆಯ ಕಮಾಂಡನ್ನು ಹುಡುಕಿಕೊಂಡು ಹೋಗುತ್ತದೆ. 2019ರ ಡೆಬಿಯನ್ 10ರಿಂದೀಚೆಗೆ ಬರೀ ‘ಎಸ್‌ಯು’ ಎಂದು ರೂಟ್ ಆದವನಿಗೆ ಹಳೆಯ ಬಳಕೆದಾರನ ಪಾತ್ ಹಾಗೇ ಉಳಿಯುತ್ತದೆ. ಎಸ್‌ಬಿನ್ ಫೋಲ್ಡರು ಅದರಲ್ಲಿಲ್ಲ. ಆದ್ದರಿಂದ ಎಡಗಡೆಯ ಕಮಾಂಡ್ ಸಿಗುವುದೇ ಇಲ್ಲ. ‘ಕಮಾಂಡ್ ನಾಟ್ ಫೌಂಡ್’ ಎಂದು ಬರುವ ಹೊತ್ತಿಗೆ ರೂಟಿನ ಅಧಿಕಾರದಲ್ಲಿ ಹಳೆಯ ಫೈಲು ಶುದ್ಧ ಸೊನ್ನೆ ಬೈಟಿಗೆ ಇಳಿದಿರುತ್ತದೆ. ಕಮಾಂಡೇ ಸಿಗಲಿಲ್ಲ ಎಂದ ಮೇಲೆ ಏನೂ ಆಗಿಲ್ಲ ಎಂದುಕೊಂಡು ಮನುಷ್ಯ ಊಟಕ್ಕೆ ಹೋಗುತ್ತಾನೆ. ಇನ್ನೊಂದು ಸೊಗಸು ಕೇಳಿ: ರಿಸ್ಟೋರ್ ಮಾಡುವ ಕಮಾಂಡಿಗೆ ಖಾಲಿ ಫೈಲು ಕೊಟ್ಟರೆ ಅದು ಗೊಣಗುವುದೇ ಇಲ್ಲ. ಮಾಡಬೇಕಾದ್ದೇನೂ ಇರಲಿಲ್ಲ, ಮಾಡಿ ಮುಗಿಸಿದೆ ಎಂಬ ಭಾವ. ಎದ್ದ ಯಂತ್ರಕ್ಕೆ ಫೈರ್‌ವಾಲ್ ಇರುವುದಿಲ್ಲ, ಲಾಗಿನಲ್ಲಿ ಕೆಂಪು ಸಾಲೂ ಇರುವುದಿಲ್ಲ.

ಅತ್ಯಂತಾಭಾವ, ಅಂದರೆ ಮೂರು ಕಾಲದಲ್ಲೂ ಇಲ್ಲದ್ದು. ತಾರ್ಕಿಕರು ಗಾಳಿಯಲ್ಲಿ ಬಣ್ಣ ಇಲ್ಲದಿರುವುದನ್ನು ಹೇಳುತ್ತಾರೆ. ನಾವು ಸುಡೊ ಹೇಳೋಣ. ಮೇಲಿನ ಸಾಲನ್ನೇ ಸುಡೊ ಹಚ್ಚಿ ಹೊಡೆದರೆ ‘ಪರ್ಮಿಷನ್ ಡಿನೈಡ್’. ಸುಡೊ ಹಾಕಿದ್ದೇನಲ್ಲ ಎಂದು ಹುಬ್ಬು ಗಂಟಿಕ್ಕುವವರಿಗೆ ಸಮಾಧಾನ: ಸುಡೊ ದೊಡ್ಡವನನ್ನಾಗಿ ಮಾಡಿದ್ದು ಎಡಗಡೆಯ ಕಮಾಂಡನ್ನು; > ಗುರುತಿನ ಕೆಲಸ ಮಾಡುವ ಶೆಲ್ ಇನ್ನೂ ಬಡ ಬಳಕೆದಾರನದೇ. ಪೈಪ್ ಹಾಕಿ, ಅತ್ತ ಕಡೆ ಸುಡೊ ಟೀ ಎಂದು ಫೈಲಿಗೆ ಬರೆಸಬೇಕು. ಅಥವಾ ಡೆಬಿಯನ್ ಬಳಗದಲ್ಲಿ ಐಪಿಟೇಬಲ್ಸ್-ಪರ್ಸಿಸ್ಟೆಂಟ್ ಪ್ಯಾಕೇಜ್ ಹಾಕಿಕೊಂಡು, ನೆಟ್‌ಫಿಲ್ಟರ್-ಪರ್ಸಿಸ್ಟೆಂಟ್ ಸೇವ್ ಎಂದು ಹೇಳಿ ಈ ತಂಟೆಯಿಂದಲೇ ಪಾರಾಗಬಹುದು.

ಆದರೆ ಎರರ್ ಕೊಡುವ ಅಭಾವ ಒಂದು ಅಭಾವವೇ? ಇಲ್ಲ ಎಂದು ಅದೇ ಕೂಗಿ ಹೇಳುತ್ತಿದೆಯಲ್ಲ. ನಿಜವಾದ ಅತ್ಯಂತಾಭಾವ ಐಪಿವಿ6ನದು. ಐಪಿಟೇಬಲ್ಸ್ ನೋಡುವುದು ವಿ4 ಪ್ಯಾಕೆಟ್ಟುಗಳನ್ನು ಮಾತ್ರ, ವಿ6ಕ್ಕೆ ಐಪಿ6ಟೇಬಲ್ಸ್ ಎಂಬ ಬೇರೆ ಕಮಾಂಡು, ರೂಲ್ಸ್.ವಿ6 ಎಂಬ ಬೇರೆ ಫೈಲು. ವಿ4ರಲ್ಲಿ ಮೂವತ್ತು ಸಾಲು ಜಾಣ್ಮೆಯಿಂದ ಬರೆದು, ಸೇವ್ ಮಾಡಿ, ರೀಬೂಟ್ ಮಾಡಿ, ನೋಡಿ ತೃಪ್ತಿಪಟ್ಟ ಯಂತ್ರದಲ್ಲಿ ವಿ6 ಫೈಲು ತೆರೆದು ನೋಡಿ. ಮೂರು ಚೈನು, ಮೂರೂ ಆಕ್ಸೆಪ್ಟ್, ಕೆಳಗೆ ಕಮಿಟ್. ಹಿಂದೆ ಯಾರೂ ಬರೆಯಲಿಲ್ಲ, ಈಗ ಇಲ್ಲ, ಮುಂದೆ ಬರೆಯುವ ಯೋಚನೆಯೂ ಇಲ್ಲ. ‘ನಾವು ವಿ6 ಬಳಸೋದೇ ಇಲ್ಲ’ ಎಂಬುದು ಇಲ್ಲಿ ಬರುವ ಆಕ್ಷೇಪ. ನೀವು ಬಳಸದಿರಬಹುದು, ಯಂತ್ರ ಬಳಸುತ್ತದೆ, ಬಂದು ತಟ್ಟುವವನೂ ಬಳಸುತ್ತಾನೆ. ಎನ್‌ಎಫ್‌ಟೇಬಲ್ಸಿನ ‘ಐನೆಟ್’ ಎಂಬ ಕುಟುಂಬದಲ್ಲಿ ಒಂದೇ ಸಾಲು ಎರಡಕ್ಕೂ ನಡೆಯುತ್ತದೆ. ಆ ಒಂದೇ ಕಾರಣಕ್ಕೆ ಅದಕ್ಕೆ ಬದಲಾಗಬಹುದು ಎಂದು ಪ್ರಕರಣಕಾರನ ಮತ.

ಇನ್ನು ಅನ್ಯೋನ್ಯಾಭಾವ. ಘಟವು ಪಟವಲ್ಲ, ಪಟವು ಘಟವಲ್ಲ. ಎರಡೂ ಇವೆ, ಆದರೆ ಒಂದು ಇನ್ನೊಂದಲ್ಲ. ಸೇವ್ ಆಗಿದೆ, ಆದರೆ ಸೇವ್ ಆದದ್ದು ನೀವು ಹಾಕಿದ್ದಲ್ಲ. ನಾಲ್ಕರಲ್ಲಿ ಇದೇ ದೊಡ್ಡ ಕಾಡು, ಇದರ ಉಪಭೇದಗಳಿಗೆ ಕೊನೆಯಿಲ್ಲ. ಮಿಕ್ಕ ಮೂರು ಅಭಾವಗಳನ್ನು ಗೆದ್ದು ಬಂದವರೇ ಇದರೊಳಗೆ ಸಿಕ್ಕಿಬೀಳುವುದು.

ಐಪಿಟೇಬಲ್ಸ್-ಸೇವ್ ಓದಿ ಹೇಳುವುದು ಆ ಕ್ಷಣ ಮೆಮರಿಯಲ್ಲಿ ಏನಿದೆಯೋ ಅದನ್ನು. ನೀವು ಹಾಕಿದ್ದು, ಇತರರು ಹಾಕಿದ್ದು ಎಂಬ ಭೇದ ಅದಕ್ಕಿಲ್ಲ. ಫೇಲ್‌2ಬ್ಯಾನ್ ಎಂಬ ಕಾವಲುಗಾರ ತಪ್ಪು ಪಾಸ್‌ವರ್ಡ್ ಹೊಡೆದ ಯಾರಿಗೋ ಹತ್ತು ನಿಮಿಷದ ಶಿಕ್ಷೆ ಕೊಟ್ಟಿರುತ್ತದೆ. ಆ ಹತ್ತು ನಿಮಿಷದೊಳಗೆ ನೀವು ಸೇವ್ ಮಾಡಿದರೆ ಆ ಸಾಲೂ ಫೈಲಿಗೆ ಇಳಿಯುತ್ತದೆ, ರೀಬೂಟಾದ ಮೇಲೂ ಬರುತ್ತದೆ, ಬಿಡಿಸಬೇಕಾದವನಿಗೆ ಅದರ ನೆನಪಿರುವ ಭರವಸೆಯಿಲ್ಲ. ಡಾಕರ್ ಓಡುತ್ತಿದ್ದರೆ ಕೇಳುವುದೇ ಬೇಡ. ಅದು ತನ್ನ ಚೈನುಗಳನ್ನು ತಾನೇ ನೇಯ್ದುಕೊಂಡಿರುತ್ತದೆ, ಇಂದಿನ ಕಂಟೇನರಿಗೆ ಇಂದು ಸಿಕ್ಕ 172.17.0.2 ಎಂಬ ವಿಳಾಸ ಸಮೇತ. ಅದನ್ನೂ ಸೇವ್ ಮಾಡಿದಿರಿ. ನಾಳೆ ಡಾಕರ್ ಎದ್ದು ತನ್ನದನ್ನು ಹೊಸದಾಗಿ ಹಾಕುತ್ತದೆ, ನಿಮ್ಮ ಫೈಲಿನ ಹಳೆಯ ಸಾಲೂ ಅಲ್ಲೇ ಕೂತಿರುತ್ತದೆ, ಮನೆ ಬಿಟ್ಟುಹೋದ ಬಾಡಿಗೆದಾರನ ಹೆಸರಿಗೆ ಬರುವ ಕಾಗದವನ್ನು ಅದೇ ಬಾಗಿಲಿಗೆ ಹಾಕುತ್ತ.

ಹೆಸರು ಕೊಟ್ಟು ಹಾಕಿದ ರೂಲಿನ ಪಾಡು ಬೇರೆ. ಹೋಸ್ಟ್ ಹೆಸರು ಬರೆದರೆ ಆ ಹೊತ್ತಿಗೆ ಡಿಎನ್‌ಎಸ್ ಏನು ಹೇಳಿತೋ ಆ ಐಪಿ ಒಳಗೆ ಹೋಗುತ್ತದೆ, ಸೇವ್ ಆಗುವುದೂ ಆ ಐಪಿಯೇ, ಹೆಸರು ಅಳಿದುಹೋಯಿತು. ಸ್ಕ್ರಿಪ್ಟಿನಲ್ಲಿ # ಹಾಕಿ ‘ಇದು ಬ್ಯಾಂಕಿನವರಿಗೆ, ಮಾರ್ಚ್ ನಂತರ ತೆಗೆಯಿರಿ’ ಎಂದು ಬರೆದ ಟಿಪ್ಪಣಿಯೂ ಉಳಿಯುವುದಿಲ್ಲ. ಕಾಮೆಂಟ್ ಎಂಬ ಮಾಡ್ಯೂಲ್ ಮೂಲಕ ರೂಲಿನೊಳಗೇ ಸೇರಿಸಿದ್ದರೆ ಉಳಿಯುತ್ತದೆ. ಸೇರಿಸುವವರು ವಿರಳ. ಹೀಗಾಗಿ ಸೇವ್ ಆದ ಫೈಲಿನಲ್ಲಿ ಏನು ಮಾಡಬೇಕು ಎಂಬುದೆಲ್ಲ ಇರುತ್ತದೆ, ಏಕೆ ಎಂಬುದು ಒಂದೂ ಇರುವುದಿಲ್ಲ. ಐದು ವರ್ಷದ ಹಳೆಯ ಫೈಲುಗಳಲ್ಲಿ ಯಾರೂ ಯಾವ ಸಾಲನ್ನೂ ಅಳಿಸಲು ಧೈರ್ಯ ಮಾಡದಿರುವುದು ಇದಕ್ಕೇ.

ಐಪಿಸೆಟ್ ಬಳಸುವವರು ಇನ್ನೊಂದು ಗುಣಿಯಲ್ಲಿ ಬೀಳುತ್ತಾರೆ. ರೂಲು ಒಂದು ಕಡೆ ಸೇವ್ ಆಗುತ್ತದೆ, ಅದು ಹೆಸರಿಸುವ ಸೆಟ್ಟನ್ನು ಬೇರೆಯಾಗಿ ಸೇವ್ ಮಾಡಬೇಕು. ಮಾಡದಿದ್ದರೆ ಏಳುವಾಗ ಅಂಥ ಸೆಟ್ಟೇ ಇಲ್ಲವೆಂದು ಆ ಸಾಲು ಮುಗ್ಗರಿಸುತ್ತದೆ. ರಿಸ್ಟೋರ್ ಎಂಬುದು ಒಂದೊಂದು ಟೇಬಲ್ಲನ್ನು ಇಡಿಯಾಗಿ ಹಾಕುವ ಇಲ್ಲವೇ ಹಾಕದೇ ಇರುವ ಕಟ್ಟುನಿಟ್ಟಿನದು. ಒಂದು ಸಾಲು ಮುಗ್ಗರಿಸಿದರೆ ಜೊತೆಯ ಸಾಲುಗಳೂ ಒಳಗೆ ಬರುವುದಿಲ್ಲ.

ಎನ್‌ಎಫ್‌ಟೇಬಲ್ಸಿನವರು ನಗುವಂತಿಲ್ಲ. ರೂಲ್‌ಸೆಟ್ ಪಟ್ಟಿ ಮಾಡಿಸಿ ಅದನ್ನೇ ಎನ್‌ಎಫ್‌ಟೇಬಲ್ಸ್.ಕಾನ್ಫ್ ಮೇಲೆ ಸುರಿದರೆ, ಆ ಫೈಲಿನ ತಲೆಯಲ್ಲಿದ್ದ ‘ಫ್ಲಶ್ ರೂಲ್‌ಸೆಟ್’ ಎಂಬ ಸಾಲು ಅಳಿಯುತ್ತದೆ. ಏಕೆಂದರೆ ಅದು ಆಜ್ಞೆ, ಸ್ಥಿತಿಯಲ್ಲ, ಪಟ್ಟಿಯಲ್ಲಿ ಬರುವುದಿಲ್ಲ. ಆಮೇಲೆ ರೀಲೋಡ್ ಮಾಡಿದಷ್ಟು ಸಲ ರೂಲುಗಳು ಒಂದರ ಕೆಳಗೊಂದು ಮತ್ತೆ ಮತ್ತೆ ಬೆಳೆಯುತ್ತವೆ. ಪರಿಶುದ್ಧ ಅನ್ಯೋನ್ಯಾಭಾವದ ಉದಾಹರಣೆ ಬೇಕೆಂದರೆ ಮತ್ತೆ ಡೆಬಿಯನ್ 10ಕ್ಕೇ ಹೋಗಬೇಕು. ಅಂದಿನಿಂದ ಐಪಿಟೇಬಲ್ಸ್ ಎಂಬ ಹೆಸರಿನ ಹಿಂದೆ ಕೂತಿರುವುದು ಎನ್‌ಎಫ್‌ಟೇಬಲ್ಸ್. ಹಳೆಯದು ಐಪಿಟೇಬಲ್ಸ್-ಲೆಗಸಿ ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಇದೆ. ಎರಡಕ್ಕೂ ಬೇರೆ ಬೇರೆ ಟೇಬಲ್ಲು, ಪ್ಯಾಕೆಟ್ಟು ಎರಡನ್ನೂ ದಾಟಬೇಕು. ಒಂದನ್ನು ಸೇವ್ ಮಾಡಿದವನಿಗೆ ಇನ್ನೊಂದು ಸಿಗದು. ಲೆಗಸಿ ಟೇಬಲ್ಲುಗಳೂ ಇವೆ, ಅವನ್ನು ನೋಡಲು ಲೆಗಸಿ-ಸೇವ್ ಬಳಸಿ ಎಂದು ಒಂದು ಎಚ್ಚರಿಕೆಯ ಸಾಲು ಬರುತ್ತದೆ, # ಹಚ್ಚಿಕೊಂಡು. # ಹಚ್ಚಿದ ಸಾಲನ್ನು ಓದುವ ಅಭ್ಯಾಸ ನಮ್ಮ ಜನಕ್ಕೆ ಎಲ್ಲಿಂದ ಬರಬೇಕು.

ಮತಾಂತರಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2008ರಲ್ಲಿ ಉಬುಂಟು 8.04ರೊಂದಿಗೆ ಬಂದ ಯುಎಫ್‌ಡಬ್ಲ್ಯು ಹೇಳಿದ ಕೂಡಲೇ ಫೈಲಿಗೂ ಬರೆಯುತ್ತದೆ, ಎನೇಬಲ್ ಮಾಡುವಾಗ ಎಸ್‌ಎಸ್‌ಎಚ್ ಕಡಿದುಹೋದೀತು, ಮುಂದುವರಿಯಲೇ ಎಂದು ಕೇಳುವಷ್ಟು ಸೌಜನ್ಯವೂ ಅದಕ್ಕಿದೆ. ವಿಂಡೋಸಿನ ನೆಟ್‌ಶ್ ಹಾಕಿದ್ದು ಹಾಗೇ ಉಳಿಯುತ್ತದೆ. ಅಲ್ಲಿ ಎಕ್ಸ್‌ಪೋರ್ಟ್ ಬೇಕಾಗುವುದು ಬೇರೆ ಯಂತ್ರಕ್ಕೆ ಒಯ್ಯಲು. ಓಪನ್‌ಬಿಎಸ್‌ಡಿಯವರ ಪಿಎಫ್ ಮಾತ್ರ ಗೌರವಕ್ಕೆ ಪಾತ್ರ. 2001ರಲ್ಲಿ, ಹಳೆಯ ಐಪಿಫಿಲ್ಟರಿನ ಲೈಸೆನ್ಸ್ ಜಗಳದ ಬೆನ್ನಿಗೆ ಡೇನಿಯಲ್ ಹಾರ್ಟ್‌ಮೈಯರ್ ಬರೆದದ್ದು. ಅಲ್ಲಿ ಮೊದಲು ಪಿಎಫ್.ಕಾನ್ಫ್ ತಿದ್ದಬೇಕು, ಓಡಿಸದೆ ಬರೀ ಓದಿಸಿ ತಪ್ಪು ನೋಡಬೇಕು, ಆಮೇಲೆ ಒಳಗೆ ಹಾಕಬೇಕು. ಸೇವ್ ಎಂಬ ಪ್ರಶ್ನೆಯೇ ಏಳದು, ಏಕೆಂದರೆ ರೂಲು ಹುಟ್ಟುವುದೇ ಫೈಲಿನಲ್ಲಿ. ಟಿಪ್ಪಣಿ ಇದ್ದಲ್ಲೇ ಇರುತ್ತದೆ, ಬೇರೆಯವರ ಸಾಲು ಬಂದು ಬೆರೆಯುವುದಿಲ್ಲ. ಲಿನಕ್ಸಿನಲ್ಲೂ ಹೀಗೆ ಬದುಕಬಹುದು: ಫೈಲು ತಿದ್ದಿ, ಎನ್‌ಎಫ್‌ಟಿಗೆ ಚೆಕ್ ಮಾತ್ರ ಮಾಡು ಎಂದು ಒಮ್ಮೆ ಕೊಟ್ಟು, ಆಮೇಲೆ ಲೋಡ್ ಮಾಡಿ, ಫೈಲನ್ನು ಗಿಟ್‌ನಲ್ಲಿ ಇಟ್ಟುಕೊಂಡು. ಮೊದಲು ನಡೆಸಿ ಆಮೇಲೆ ಬರೆಯುವ ಐಪಿಟೇಬಲ್ಸ್-ಸೇವ್ ಮಾರ್ಗಕ್ಕಿಂತ ಮೊದಲು ಬರೆದು ಆಮೇಲೆ ನಡೆಸುವ ಈ ಮಾರ್ಗವೇ ಮೇಲು. ಇದರಲ್ಲಿ ಪ್ರಕರಣಕಾರ ವಾದಕ್ಕೆ ಸಿದ್ಧ.

ಅಭಾವ ನಾಲ್ಕೇ ಎಂಬುದನ್ನು ಎಲ್ಲ ತಾರ್ಕಿಕರೂ ಒಪ್ಪಿಲ್ಲ. ನೆಲದ ಮೇಲಿನ ಮಡಕೆಯನ್ನು ತೆಗೆದಿಟ್ಟು ಮತ್ತೆ ತಂದಿಟ್ಟರೆ ನಡುವೆ ಇದ್ದದ್ದು ಯಾವ ಅಭಾವ ಎಂದು ಕೇಳಿ, ಸಾಮಯಿಕಾಭಾವವೆಂಬ ಐದನೆಯದನ್ನು ಕೆಲವರು ಸೇರಿಸಿದರು. ನಮ್ಮ ಶಾಸ್ತ್ರಕ್ಕೆ ಅದು ಅತ್ಯಗತ್ಯ. ಬೇಕೆಂದೇ ಸೇವ್ ಮಾಡದಿರುವುದು ಅದರ ಲಕ್ಷಣ. ಮಿಕ್ಕ ನಾಲ್ಕು ಮನುಷ್ಯನನ್ನು ಕೆಡವುವುವು, ಇದು ಕಾಯುವುದು.

ದೂರದ ಯಂತ್ರದಲ್ಲಿ ಅಪಾಯದ ರೂಲು ಹಾಕುವವನು ಮೊದಲು ತನ್ನ ಸೋಲಿಗೆ ಮುಹೂರ್ತ ಇಡುತ್ತಾನೆ. ಸಿಸ್ಕೊದಲ್ಲಿ ‘ರೀಲೋಡ್ ಇನ್ 10’. ಹತ್ತು ನಿಮಿಷದಲ್ಲಿ ರೌಟರ್ ತಾನಾಗಿ ಬಿದ್ದು ಎದ್ದು, ಸೇವ್ ಆಗಿದ್ದ ಹಳೆಯದನ್ನೇ ಓದಿಕೊಳ್ಳುತ್ತದೆ. ಜುನಿಪರಿನಲ್ಲಿ ‘ಕಮಿಟ್ ಕನ್ಫರ್ಮ್ಡ್’. ಮತ್ತೊಮ್ಮೆ ಹೌದು ಎನ್ನದಿದ್ದರೆ ಅಲ್ಲೂ ಹತ್ತು ನಿಮಿಷಕ್ಕೆ ಹಿಂದಕ್ಕೆ. ಮೈಕ್ರೋಟಿಕ್‌ನ ಸೇಫ್ ಮೋಡ್ ನಿಮ್ಮ ಸಂಪರ್ಕ ಕಡಿದುಹೋದರೆ ಮಾಡಿದ್ದನ್ನೆಲ್ಲ ತಾನೇ ಅಳಿಸಿಕೊಳ್ಳುತ್ತದೆ. ಫೈರ್‌ವಾಲ್‌ಡಿಯಲ್ಲಿ ರೂಲಿಗೇ ಟೈಂಔಟ್ ಕಟ್ಟಬಹುದು. ಲಿನಕ್ಸಿನ ಐಪಿಟೇಬಲ್ಸ್-ಅಪ್ಲೈ ಹತ್ತೇ ಸೆಕೆಂಡ್ ಕೊಡುತ್ತದೆ, ‘ಈ ಯಂತ್ರಕ್ಕೆ ಹೊಸ ಸಂಪರ್ಕ ಮಾಡಲು ಆಗುತ್ತಿದೆಯೇ’ ಎಂದು ಕೇಳುತ್ತ. ಹೊಸ ಎಂಬ ಪದವನ್ನು ಅದು ದೊಡ್ಡ ಅಕ್ಷರದಲ್ಲೇ ಬರೆಯುತ್ತದೆ. ಸುಮ್ಮನಲ್ಲ, ಆಗಲೇ ತೆರೆದಿರುವ ಕಿಟಕಿ ಎಸ್ಟಾಬ್ಲಿಶ್ಡ್ ರೂಲಿನ ಕೃಪೆಯಿಂದ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಅದರಲ್ಲಿ ಅಕ್ಷರ ಮೂಡಿತೆಂದು ವೈ ಒತ್ತಿದವರು ಆ ಕಿಟಕಿ ಮುಚ್ಚಿದ ಮೇಲೆ ಹೊರಗೇ ಉಳಿದಿದ್ದಾರೆ. ಎರಡನೆಯ ಟರ್ಮಿನಲ್ ತೆರೆದು, ಅದರಿಂದ ಒಳಗೆ ಹೋಗಿ ನೋಡಿಯೇ ಉತ್ತರಿಸಬೇಕು. ಯಾವುದೂ ಇಲ್ಲದ ಯಂತ್ರದಲ್ಲಿ ‘ಆ್ಯಟ್’ ಕಮಾಂಡಿಗೆ ಐದು ನಿಮಿಷದ ಗಡುವು ಕೊಟ್ಟು, ಹಳೆಯ ಫೈಲನ್ನು ರಿಸ್ಟೋರ್ ಮಾಡಲು ಹೇಳಿಟ್ಟರೂ ಸಾಕು.

ಈ ಐದನೆಯದಕ್ಕೂ ಒಂದು ದೋಷವುಂಟು. ರೀಲೋಡ್ ಇನ್ 10 ಹೇಳಿ, ರೂಲು ಹಾಕಿ, ಎಲ್ಲವೂ ಸರಿಯಿದೆ ಎಂದು ಎರಡನೆಯ ಟರ್ಮಿನಲ್ಲಿನಿಂದಲೂ ನೋಡಿ, ‘ಡಬ್ಲ್ಯು ಆರ್’ ಕೂಡ ಹೊಡೆದು, ರೀಲೋಡ್ ಕ್ಯಾನ್ಸಲ್ ಎನ್ನುವುದನ್ನು ಮಾತ್ರ ಮರೆತು ಕಾಫಿಗೆ ಇಳಿಯುವವರಿದ್ದಾರೆ. ರೌಟರ್ ಹೇಳಿದ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಇಡೀ ಆಫೀಸು ಎದ್ದು ನಿಲ್ಲುತ್ತದೆ, ಅದು ಮತ್ತೆ ಎದ್ದಾಗ ರೂಲುಗಳೆಲ್ಲ ಒಂದೂ ತಪ್ಪದೆ ಇದ್ದಲ್ಲೇ ಇರುತ್ತವೆ.